ಜಾಮ್‌ನಲ್ಲಿ ಒಬ್ಬರೇ ಎಲ್ಲರ ಮೇಲೆ ನುಡಿಸುತ್ತಿದ್ದರೆ: ದೋಷ ಹುಡುಕುವ ಕೈಪಿಡಿ

ನಾಲ್ಕೈದು ಜನ ಸೇರಿ ಖುಷಿಗೆ ನುಡಿಸುತ್ತಿರುತ್ತೀರಿ, ಅದೇ ಜಾಮ್. ಒಬ್ಬರು ಹೊಸಬರು ಬರುತ್ತಾರೆ. ಬಂದವರೇ ವೈರ್ ಚುಚ್ಚಿ ಜೋರಾಗಿ ಶುರು ಮಾಡುತ್ತಾರೆ. ಹಾಡುವವರು ಹಾಡುತ್ತಿರುವಾಗಲೇ ಸೋಲೊ (ಒಬ್ಬರೇ ಮುಂದೆ ಬಂದು ನುಡಿಸುವುದು). ಬೇರೆಯವರ ಸರದಿ ಬಂದಾಗಲೂ ಇವರದೇ ಸೋಲೊ. ಹಾಡು ಮುಗಿದಾಗ ಇವರ ಮುಖದಲ್ಲಿ ದೊಡ್ಡ ನಗು, ಉಳಿದವರ ಕಣ್ಣು ನೆಲದ ಮೇಲೆ. ಮುಂದಿನ ಸಲ ಇಬ್ಬರು ಬರುವುದಿಲ್ಲ. ಅದರ ಮುಂದಿನ ಸಲ ಇನ್ನೊಬ್ಬರು.

ಇಂಥವರನ್ನು ನಾವು ಸಾಮಾನ್ಯವಾಗಿ ಒಂದೇ ಮಾತಲ್ಲಿ ಮುಗಿಸಿಬಿಡುತ್ತೇವೆ: ಜಂಭ. ನಾನೂ ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ. ಜಾಮ್‌ಗಳಲ್ಲಿ ನಾನು ನುಡಿಸುವುದು ಬೇಸ್ ಗಿಟಾರ್. ಬೇಸ್ ನುಡಿಸುವವರಿಗೆ ಉಳಿದವರನ್ನು ನೋಡುತ್ತಾ ನಿಲ್ಲಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಹಾಗೆ ನೋಡಿ ನೋಡಿ ನನಗೆ ಗೊತ್ತಾಗಿದ್ದು ಇದು. ಬಹಳಷ್ಟು ಸಲ ಆ ಮನುಷ್ಯರಿಗೆ ಬೇರೆಯವರು ಕೇಳಿಸುತ್ತಿರುವುದಿಲ್ಲ. ಕೆಲವರಿಗೆ ನಿಜವಾಗಿಯೂ ಕಿವಿಗೆ ಬೀಳುತ್ತಿರುವುದಿಲ್ಲ. ಇನ್ನು ಕೆಲವರಿಗೆ ಕಿವಿಗೆ ಬೀಳುತ್ತದೆ, ಆದರೆ ಕಿವಿಗೊಡುವ ಅಭ್ಯಾಸವೇ ಆಗಿರುವುದಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ. ಗುಣದ ಬಗ್ಗೆ ತೀರ್ಪು ಕೊಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಕಿವಿ, ಆಮೇಲೆ ವೈರು, ಆಮೇಲೆ ಅಭ್ಯಾಸ.

ಮೊದಲು: ದೋಷ ಆ ಒಬ್ಬರದ್ದೇನಾ?

ಗದ್ದಲದಲ್ಲಿ ಎಲ್ಲರಿಗಿಂತ ಮೇಲೆ ಕೇಳಿಸುವವರ ಮೇಲೇ ತಪ್ಪು ಬೀಳುತ್ತದೆ. ಹಾಗಾಗಿ ಮೊದಲು ಕೋಣೆಯನ್ನು ಪರೀಕ್ಷೆ ಮಾಡಿ. ಬರಿಗೋಡೆ, ಗಟ್ಟಿ ನೆಲ, ಪರದೆ ಇಲ್ಲದ ಕಿಟಕಿ, ಜೊತೆಗೆ ಪೂರ್ತಿ ಡ್ರಮ್ಸ್ ಇದ್ದರೆ ಸದ್ದು ತಾನಾಗಿಯೇ ಮೇಲೇರುತ್ತದೆ. ಸುತ್ತ ಗದ್ದಲ ಇದ್ದಾಗ ಮನುಷ್ಯ ತನಗೇ ಗೊತ್ತಿಲ್ಲದೆ ದನಿ ಏರಿಸುತ್ತಾನೆ ಎಂದು ಎತಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯ 1911ರಲ್ಲೇ ಬರೆದಿದ್ದಾನೆ. ಅದಕ್ಕೆ ಅವನ ಹೆಸರೇ ನಿಂತಿದೆ. ಮಾತಿನಲ್ಲಿ ಆಗುವುದೇ ಹಾಡಿನಲ್ಲೂ ಆಗುತ್ತದೆ, ಆಂಪ್‌ನ (ವಾದ್ಯದ ಸದ್ದನ್ನು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆಯ) ಗುಂಡಿಯ ಮೇಲಿರುವ ಬೆರಳಿನಲ್ಲೂ ಆಗುತ್ತದೆ. ಡ್ರಮ್ಸ್ ಏರಿತು ಅಂತ ಗಿಟಾರ್, ಗಿಟಾರ್ ಏರಿತು ಅಂತ ಕೀಬೋರ್ಡ್, ಅದಕ್ಕೆ ಹಾಡುವವರ ಗಂಟಲು. ಹತ್ತು ನಿಮಿಷದಲ್ಲಿ ಎಲ್ಲರೂ ಕೂಗುತ್ತಿರುತ್ತಾರೆ.

ಪರೀಕ್ಷೆ ಸುಲಭ. ಒಂದು ಹಾಡನ್ನು ಬೇಕಂತಲೇ ಅರ್ಧ ಸದ್ದಿನಲ್ಲಿ ನುಡಿಸಿ. ಡ್ರಮ್ಸ್‌ನವರಿಗೆ ಕೋಲು ಕೆಳಗಿಟ್ಟು ಬ್ರಷ್ ಅಥವಾ ಕೈಯಲ್ಲಿ ನುಡಿಸಲು ಹೇಳಿ. ಯಾರ ಹೆಸರನ್ನೂ ಎತ್ತಬೇಡಿ. ಆ ವ್ಯಕ್ತಿಯೂ ಎಲ್ಲರ ಜೊತೆ ಕೆಳಗಿಳಿದರೆ ದೋಷ ಕೋಣೆಯದ್ದು. ಒಂದು ದಪ್ಪ ಜಮಖಾನ ಹಾಸಿ, ಡ್ರಮ್ಸ್ ಅನ್ನು ಮೂಲೆಯಿಂದ ಈಚೆಗೆ ತನ್ನಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಉಳಿದವರೆಲ್ಲ ಇಳಿದು ಇವರೊಬ್ಬರೇ ಮೇಲೆ ಉಳಿದರೆ ಮುಂದೆ ಓದಿ.

ಸದ್ದು ಜಾಸ್ತಿ

ನನ್ನ ಜೊತೆ ನುಡಿಸುತ್ತಿದ್ದ ಒಬ್ಬ ಗಿಟಾರಿಸ್ಟ್ ಇದ್ದ. ಕೈ ಚೆನ್ನಾಗಿ ಓಡುತ್ತಿತ್ತು. ಆದರೆ ಅವನು ಬಂದರೆ ಸಾಕು, ಹಾಡುವವರಿಗೆ ತಲೆನೋವು. ಸದ್ದು ಕಮ್ಮಿ ಮಾಡು ಅಂದರೆ, "ನನಗೇ ಕೇಳಿಸ್ತಿಲ್ಲ, ಇನ್ನೂ ಕಮ್ಮಿ ಮಾಡ್ಲಾ?" ಅನ್ನುತ್ತಿದ್ದ. ಅದು ಸೊಕ್ಕಿನ ಮಾತು ಅಂತಲೇ ನಾವೆಲ್ಲ ತಿಳಿದಿದ್ದೆವು.

ಒಂದು ದಿನ ಬಿಡುವಿನಲ್ಲಿ ಉದ್ದನೆಯ ವೈರ್ ಹಾಕಿ, ಗಿಟಾರ್ ಸಮೇತ ಅವನನ್ನು ನನ್ನ ಜಾಗಕ್ಕೆ ಕರೆದೆ. ಅವನ ಜಾಗದಲ್ಲಿ ನಾನು ಹೋಗಿ ನಿಂತೆ. ಆಂಪ್ ನನ್ನ ಕಾಲ ಹಿಂದೆ ನೆಲದ ಮೇಲಿತ್ತು, ಹಿಮ್ಮಡಿಯಿಂದ ಎರಡಡಿ ದೂರ. ಅವನು ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಕೆಲವು ಸ್ವರಗಳು) ಬಾರಿಸಿದ. ನನಗೆ ಕೇಳಿಸಿದ್ದು ಕಂಬಳಿ ಹೊದಿಸಿದ ಹಾಗೆ ಮಂಕಾದ ಸದ್ದು. ತಲೆ ಎತ್ತಿ ಅವನನ್ನು ನೋಡಿದೆ. ಅವನು ಕಣ್ಣು ಕಿವುಚಿಕೊಂಡು ನಿಂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನ ಕಿರುಬೆರಳು ಗಿಟಾರಿನ ವಾಲ್ಯೂಮ್ ಗುಂಡಿಗೆ ಹೋಯಿತು. "ಇಷ್ಟು ಹೊತ್ತೂ ಇದನ್ನಾ ನೀವು ಕೇಳ್ತಿದ್ದಿದ್ದು?" ಅಂದ.

ಇದರ ಹಿಂದಿನ ಕಾರಣ ನೇರವಾಗಿದೆ. ಗಿಟಾರ್ ಆಂಪ್‌ನ ಸ್ಪೀಕರ್ ಸಾಮಾನ್ಯವಾಗಿ 12 ಇಂಚಿನದ್ದು, ಅಂದರೆ ಸುಮಾರು 30 ಸೆಂಟಿಮೀಟರ್. 1000 ಹರ್ಟ್ಜ್ ಸ್ವರದ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್. ಅಲೆಯ ಉದ್ದ ಸ್ಪೀಕರ್‌ನ ಅಗಲಕ್ಕಿಂತ ಕಮ್ಮಿಯಾದಂತೆ ಸದ್ದು ಸುತ್ತಲೂ ಹರಡುವುದನ್ನು ಬಿಟ್ಟು ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕೆ ಹೋಗುತ್ತದೆ. ಗಿಟಾರಿನ ಚುರುಕು, ಹರಿತ ಎಲ್ಲ ಇರುವುದು ಆ ಮೇಲಿನ ಸ್ವರಗಳಲ್ಲೇ. ಅವು ನುಡಿಸುವವರ ಮೊಣಕಾಲ ಪಕ್ಕದಲ್ಲಿ ಹಾದು, ಎದುರಿಗೆ ಕೂತವರ ಮುಖಕ್ಕೆ ಬಡಿಯುತ್ತವೆ. ನುಡಿಸುವವರ ಕಿವಿಗೆ ಉಳಿಯುವುದು ಮಂಕು ಗುಂಯ್ ಮಾತ್ರ. ಅವರು ಟ್ರೆಬಲ್ (ಆ ಮೇಲಿನ ಸ್ವರಗಳ ಪ್ರಮಾಣ) ಏರಿಸುತ್ತಾರೆ, ಸದ್ದು ಏರಿಸುತ್ತಾರೆ, ಎದುರಿಗಿದ್ದವರು ಹಲ್ಲು ಕಚ್ಚುತ್ತಾರೆ.

ಪರಿಹಾರ: ಆಂಪ್ ಅನ್ನು ಕುರ್ಚಿಯ ಮೇಲಿಡಿ. ಕುರ್ಚಿ ಇಲ್ಲದಿದ್ದರೆ ಮುಂಭಾಗ ಮೇಲಕ್ಕೆ ಬರುವ ಹಾಗೆ ಹಿಂದಕ್ಕೆ ಓರೆ ಮಾಡಿ. ಆಂಪ್‌ನ ಮೂತಿ ನುಡಿಸುವವರ ಕಿವಿಯ ಕಡೆಗೇ ಇರಲಿ. ನಂತರ ಸದ್ದನ್ನು ಸೊನ್ನೆಗೆ ತಂದು ಅಲ್ಲಿಂದ ಏರಿಸಲು ಹೇಳಿ. ಮೊದಲಿದ್ದಷ್ಟಕ್ಕೆ ಯಾರೂ ಹೋಗುವುದಿಲ್ಲ, ಹೋಗಲು ಅವರ ಕಿವಿಯೇ ಬಿಡುವುದಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಎಷ್ಟೋ ವರ್ಷ ಜೋರು ಸದ್ದಿನಲ್ಲಿ ನುಡಿಸಿದವರ ಕಿವಿ ಸವೆದಿರುತ್ತದೆ. ಸದ್ದಿನಿಂದ ಬರುವ ಕಿವುಡು ಮೊದಲು ಕಾಣಿಸಿಕೊಳ್ಳುವುದು 3000ರಿಂದ 6000 ಹರ್ಟ್ಜ್ ನಡುವೆ. ಅಲ್ಲಿ ಕೇಳಿಸದವರು ತಮ್ಮ ವಾದ್ಯ ಮಂಕಾಗಿದೆ ಅಂದುಕೊಂಡು ಅದೇ ಜಾಗವನ್ನು ಎತ್ತುತ್ತಾರೆ. ಆಂಪ್ ಕಿವಿಯ ಮಟ್ಟಕ್ಕೆ ಬಂದ ಮೇಲೂ ಟ್ರೆಬಲ್ ಗುಂಡಿ ಕೊನೆಯವರೆಗೆ ತಿರುಗಿದ್ದರೆ, ಮಾತಾಡುವಾಗ "ಏನು? ಏನು?" ಅನ್ನುತ್ತಿದ್ದರೆ, ಕಿವಿ ಪರೀಕ್ಷೆ ಮಾಡಿಸಲು ಮೆಲ್ಲಗೆ ಹೇಳಿ. ಹಾಗೆ ಹೇಳುವುದು ಅವಮಾನ ಅಲ್ಲ, ಉಪಕಾರ. ದಿನಕ್ಕೆ 8 ಗಂಟೆಗೆ 85 ಡೆಸಿಬಲ್ ಎಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಶೋಧನಾ ಸಂಸ್ಥೆ (NIOSH) ಶಿಫಾರಸು ಮಾಡುವ ಮಿತಿ. ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧವಾಗುತ್ತದೆ. 94 ಡೆಸಿಬಲ್‌ಗೆ ಒಂದೇ ಗಂಟೆ. ಚಿಕ್ಕ ಕೋಣೆಯಲ್ಲಿ ಡ್ರಮ್ಸ್ ಜೊತೆ ನುಡಿಸುವಾಗ 94 ದಾಟುವುದು ಏನೂ ಕಷ್ಟವಿಲ್ಲ. ಆ ಕೋಣೆಯಲ್ಲಿ ಉಳಿದವರ ಕಿವಿಗಳೂ ಇರುತ್ತವೆ ಅಲ್ವಾ?

ಶ್ರುತಿ ಸೇರುತ್ತಿಲ್ಲ

ಆತ್ಮವಿಶ್ವಾಸದಿಂದ ನುಡಿಸಿದ ತಪ್ಪು ಸ್ವರದಷ್ಟು ಕಿವಿಗೆ ಚುಚ್ಚುವುದು ಇನ್ನೊಂದಿಲ್ಲ. ಆದರೆ ಇಲ್ಲಿ ಅರ್ಧಕ್ಕರ್ಧ ದೋಷಗಳು ಗುಂಡಿಯಲ್ಲೇ ಇರುತ್ತವೆ. ಅದನ್ನು ನೋಡದೆ ಮನುಷ್ಯನ ಮೇಲೆ ಬೀಳುವುದು ಅನ್ಯಾಯ.

ಟ್ಯೂನರ್ (ಶ್ರುತಿ ನೋಡುವ ಉಪಕರಣ) ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಎ ಸ್ವರಕ್ಕೆ 440 ಹರ್ಟ್ಜ್ ಎಂದು ಇದೆಯಾ ನೋಡಿ. ಚೀಲದೊಳಗೆ ಗುಂಡಿ ಒತ್ತಿ ಹೋಗಿ 432 ಅಥವಾ 445 ಆಗಿರುವುದು ಉಂಟು. 432ಕ್ಕೆ ಶ್ರುತಿ ಕೂಡಿಸಿದ ಗಿಟಾರ್ ಉಳಿದವರಿಗಿಂತ ಸುಮಾರು 32 ಸೆಂಟ್ ಕೆಳಗಿರುತ್ತದೆ, ಅಂದರೆ ಅರ್ಧ ಸ್ವರದ ಮೂರನೇ ಒಂದು ಭಾಗ. ಟ್ಯೂನರ್ ಹಸಿರು ತೋರಿಸುತ್ತಿರುತ್ತದೆ. "ನಾನು ಈಗ ತಾನೇ ಕೂಡಿಸಿದೆ" ಅಂತ ಅವರು ವಾದಿಸುತ್ತಾರೆ, ಅದು ನಿಜವೂ ಹೌದು. ಡಿಜಿಟಲ್ ಪಿಯಾನೋ ಅಥವಾ ಕೀಬೋರ್ಡ್ ಆದರೆ ಟ್ರಾನ್ಸ್‌ಪೋಸ್ ಗುಂಡಿ (ಎಲ್ಲ ಸ್ವರಗಳನ್ನೂ ಒಟ್ಟಿಗೆ ಏರಿಸುವ, ಇಳಿಸುವ ಗುಂಡಿ) ನೋಡಿ. ಹೋದ ಸಲ ಯಾರಿಗೋ ಎರಡು ಮನೆ (ಎರಡು ಅರ್ಧ ಸ್ವರ) ಇಳಿಸಿದ್ದು ಹಾಗೇ ಉಳಿದಿರಬಹುದು.

ಕೇಪೊ, ಅಂದರೆ ಗಿಟಾರಿನ ಕುತ್ತಿಗೆಗೆ ಹಾಕಿ ಎಲ್ಲ ತಂತಿಗಳ ಶ್ರುತಿ ಏರಿಸುವ ಕ್ಲಿಪ್, ಇನ್ನೊಂದು ಬಲೆ. ಎರಡನೇ ಫ್ರೆಟ್‌ನಲ್ಲಿ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ಕೇಪೊ ಹಾಕಿದವರು "ಜಿ ನುಡಿಸ್ತಿದ್ದೀನಿ" ಅನ್ನುತ್ತಾರೆ. ಅವರ ಬೆರಳು ಜಿ ಆಕಾರದಲ್ಲಿರುತ್ತದೆ, ಕೇಳುವ ಸ್ವರ ಎ. ಹೊಸಬರು ಆ ಮಾತನ್ನು ನಂಬಿ ಧೈರ್ಯವಾಗಿ ಜಿ ನುಡಿಸುತ್ತಾರೆ. ಆಗ ಅಪಸ್ವರ ಯಾರದ್ದು? ಊದುವ ವಾದ್ಯದವರ ಕಷ್ಟ ಇನ್ನೂ ದೊಡ್ಡದು. ಟ್ರಂಪೆಟ್‌ನವರು ಸಿ ಊದಿದರೆ ಪಿಯಾನೋದ ಬಿ ಫ್ಲಾಟ್ ಕೇಳಿಸುತ್ತದೆ. ಆಲ್ಟೊ ಸ್ಯಾಕ್ಸೊಫೋನ್‌ನಲ್ಲಿ ಅದೇ ಸಿ ಈ ಫ್ಲಾಟ್ ಆಗುತ್ತದೆ. ಆದ್ದರಿಂದ ಕೀ (ಹಾಡಿನ ಆಧಾರ ಸ್ವರ) ಹೇಳುವಾಗ ಬೇಸ್‌ನಲ್ಲಿ ಆ ಸ್ವರವನ್ನು ಒಮ್ಮೆ ನುಡಿಸಿ ತೋರಿಸುವುದು ನನ್ನ ಅಭ್ಯಾಸ. ಹೆಸರು ಮೋಸ ಮಾಡಬಹುದು, ಸ್ವರ ಮಾಡುವುದಿಲ್ಲ.

ಹಾಡುವವರು ಶ್ರುತಿ ಬಿಟ್ಟರೆ ಬೇರೆ ಲೆಕ್ಕ. ನಮ್ಮ ದನಿ ನಮಗೆ ಗಾಳಿಯಿಂದಲೂ ಕೇಳಿಸುತ್ತದೆ, ತಲೆಬುರುಡೆಯ ಮೂಳೆಯ ಮೂಲಕವೂ ಕೇಳಿಸುತ್ತದೆ. ಮೂಳೆಯ ದಾರಿಯಲ್ಲಿ ಬರುವುದು ದಪ್ಪಗೆ, ತುಂಬಿಕೊಂಡ ಹಾಗೆ ಇರುತ್ತದೆ. ರೆಕಾರ್ಡಿಂಗ್‌ನಲ್ಲಿ ನಮ್ಮ ದನಿ ತೆಳ್ಳಗೆ ಕೇಳಿ "ಇದು ನಾನಾ?" ಅನ್ನಿಸುವುದು ಇದಕ್ಕೇ. ಗದ್ದಲದಲ್ಲಿ ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಹಾಡುವವರ ತಲೆಯೊಳಗೆ ಭರ್ತಿ ದನಿ, ಹೊರಗೆ ಶ್ರುತಿ ಜಾರಿದ ದನಿ. ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು ಒಂದು ಸಾಲು ಹಾಡಲು ಹೇಳಿ. ತಕ್ಷಣ ಶ್ರುತಿಗೆ ಬಂದರೆ ದೋಷ ಕೇಳಿಸಿಕೊಳ್ಳುವುದರಲ್ಲಿದೆ. ಸ್ಪೀಕರ್ ಅನ್ನು ಅವರ ಕಡೆ ತಿರುಗಿಸಿ. ಆಗಲೂ ಬರದಿದ್ದರೆ ಹಾಡಿನ ಕೀ ಅವರ ಗಂಟಲಿಗೆ ಎತ್ತರ ಇರಬಹುದು, ಎರಡು ಮೂರು ಮನೆ ಇಳಿಸಿ ನೋಡಿ. ಹಠಕ್ಕೆ ಮೂಲ ಕೀಯಲ್ಲೇ ಹಾಡುತ್ತೇನೆ ಅನ್ನುವವರೂ ಇರುತ್ತಾರೆ. ಅಂಥವರಿಗೆ ವಾದ ಬೇಡ. ಎರಡೂ ಕೀಯಲ್ಲಿ ಒಂದೊಂದು ಚರಣ ಹಾಡಿಸಿ ಕೇಳಿಸಿದರೆ ಸಾಕು.

ತಾಳ ಓಡುತ್ತಿದೆ

ಯಾರೋ ಒಬ್ಬರು ಮುಂದಕ್ಕೆ ಎಳೆಯುತ್ತಿದ್ದಾರೆ, ಹಾಡು ಓಡುತ್ತಿದೆ, ಯಾರೆಂದು ಗೊತ್ತಾಗುತ್ತಿಲ್ಲ. ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಮೊದಲ ಎಂಟು ಬಾರ್ (ತಾಳದ ಒಂದು ಆವರ್ತ, ಸಾಮಾನ್ಯವಾಗಿ ನಾಲ್ಕು ಬೀಟ್) ಮತ್ತು ಕೊನೆಯ ಎಂಟು ಬಾರ್‌ಗಳ ವೇಗವನ್ನು ಮೆಟ್ರೊನೋಮ್ ಆಪ್‌ನಲ್ಲಿ ಬೆರಳು ತಟ್ಟಿ ಅಳೆಯಿರಿ. ನಿಮಿಷಕ್ಕೆ 96 ಬೀಟ್‌ಗೆ ಶುರುವಾಗಿ 110ಕ್ಕೆ ಮುಗಿದಿದ್ದರೆ ಎಳೆತ ಇದೆ. ಆಮೇಲೆ ಇಬ್ಬಿಬ್ಬರನ್ನೇ ನುಡಿಸಲು ಬಿಡಿ: ಡ್ರಮ್ಸ್ ಮತ್ತು ಬೇಸ್, ಡ್ರಮ್ಸ್ ಮತ್ತು ಗಿಟಾರ್, ಹೀಗೆ. ಎರಡು ನಿಮಿಷದಲ್ಲಿ ಬಯಲಾಗುತ್ತದೆ. ಆಶ್ಚರ್ಯ ಅಂದರೆ ಎಲ್ಲರೂ ಬೈಯುವ ಆ ಆತ್ಮವಿಶ್ವಾಸಿಯೇ ಸರಿಯಾಗಿ ನಿಂತಿದ್ದು, ಹೆದರಿದ ಇನ್ನೊಬ್ಬರು ಓಡುತ್ತಿರುವುದನ್ನೂ ನಾನು ನೋಡಿದ್ದೇನೆ.

ಬ್ಲೂಟೂತ್ ಇದ್ದರೆ ಮೊದಲು ಅದನ್ನು ತೆಗೆಸಿ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಮೂರೂವರೆ ಮೀಟರ್ ದೂರದವರ ಪೆಟ್ಟು ನಿಮಗೆ 10 ಮಿಲಿಸೆಕೆಂಡ್ ತಡವಾಗಿ ಬರುತ್ತದೆ, ಅದು ತೊಂದರೆ ಕೊಡುವುದಿಲ್ಲ. ಸಾಮಾನ್ಯ ಬ್ಲೂಟೂತ್ ಸ್ಪೀಕರ್ ಅಥವಾ ಹೆಡ್‌ಫೋನ್ 100ರಿಂದ 200 ಮಿಲಿಸೆಕೆಂಡ್ ತಡ ಮಾಡಬಹುದು. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಒಂದು ಬೀಟ್‌ಗೆ 500 ಮಿಲಿಸೆಕೆಂಡ್. ಅಂದರೆ ಕಾಲು ಬೀಟ್‌ನಷ್ಟು ಹಿಂದೆ! ಎಂಥ ಕಲಾವಿದರಾದರೂ ಆ ವೈರ್ ಇಲ್ಲದ ಸ್ಪೀಕರ್‌ನಲ್ಲಿ ತಾಳಕ್ಕೆ ಕೂರಲು ಸಾಧ್ಯವಿಲ್ಲ.

ವೈರು, ವೇಗ ಎಲ್ಲ ಸರಿ ಇದ್ದೂ ತಾಳ ತಪ್ಪುತ್ತಿದ್ದರೆ ಈ ಪರೀಕ್ಷೆ ಮಾಡಿ. ನಾಲ್ಕು ಬಾರ್ ಎಲ್ಲರೂ ನುಡಿಸಿ, ನಾಲ್ಕು ಬಾರ್ ಎಲ್ಲರೂ ಸುಮ್ಮನಿದ್ದು, ಐದನೆಯದಕ್ಕೆ ಒಟ್ಟಿಗೆ ಬನ್ನಿ. ಯಾರಾದರೂ ಆ ಮೌನ ತಾಳಲಾರದೆ ಮೊದಲೇ ನುಗ್ಗಿದರೆ, ಅವರೊಳಗೆ ತಾಳ ಎಣಿಸುತ್ತಿಲ್ಲ, ಬೆರಳಷ್ಟೇ ಎಣಿಸುತ್ತಿದೆ ಎಂದು ಅರ್ಥ. ಇದನ್ನು ಪ್ರತಿ ಸಲ ಶುರುವಿನಲ್ಲಿ ಆಟದ ಹಾಗೆ ಆಡಿದರೆ ಕೆಲವೇ ವಾರಗಳಲ್ಲಿ ಎಲ್ಲರೂ ಗಟ್ಟಿಯಾಗುತ್ತಾರೆ.

ಸೋಲೊ ನಿಲ್ಲುವುದೇ ಇಲ್ಲ

ಹನ್ನೆರಡು ಬಾರ್‌ಗಳ ಒಂದೇ ಸುತ್ತು ಮತ್ತೆ ಮತ್ತೆ ಬರುವ ಬ್ಲೂಸ್ ಹಾಡು ತೆಗೆದುಕೊಳ್ಳಿ. ಬಾರ್‌ಗೆ ನಾಲ್ಕು ಬೀಟ್, ನಿಮಿಷಕ್ಕೆ 120 ಬೀಟ್ ಆದರೆ ಒಂದು ಸುತ್ತಿಗೆ 24 ಸೆಕೆಂಡ್. ಎರಡು ಸುತ್ತು ನುಡಿಸಿದರೆ 48 ಸೆಕೆಂಡ್, ಹೇಳಬೇಕಾದ್ದನ್ನು ಹೇಳಲು ಸಾಕು. ಒಂಬತ್ತು ಸುತ್ತು ಅಂದರೆ 3 ನಿಮಿಷ 36 ಸೆಕೆಂಡ್. ಅಷ್ಟು ಹೊತ್ತು ನಾಲ್ಕು ಜನ ಅದೇ ಮೂರು ಕಾರ್ಡ್ ಹಿಡಿದು ನಿಂತಿರುತ್ತಾರೆ.

ಒಂಬತ್ತು ಸುತ್ತು ನುಡಿಸುವವರ ಪಕ್ಕ ಕೂತು ಅವರ ಮುಖ ನೋಡಿ. ಕೆಲವರ ಮುಖದಲ್ಲಿ ಖುಷಿ ಇರುವುದಿಲ್ಲ, ಗಾಬರಿ ಇರುತ್ತದೆ. ಎಲ್ಲಿ ಮುಗಿಸಬೇಕು ಗೊತ್ತಿಲ್ಲ. ಸುತ್ತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಕೈತಪ್ಪಿದೆ. ಒಳ್ಳೆಯ ಕೊನೆ ಸಿಗಲಿ ಅಂತ ಕಾಯುತ್ತಾ ಓಡುತ್ತಿರುತ್ತಾರೆ. ಇವರಿಗೆ ಬೇಕಾದ್ದು ಬೈಗುಳ ಅಲ್ಲ, ಬಾಗಿಲು. ಹನ್ನೊಂದನೇ ಬಾರ್‌ನಲ್ಲಿ ಕಣ್ಣು ಸೇರಿಸಿ ತಲೆಯಾಡಿಸಿ. ಡ್ರಮ್ಸ್‌ನವರು ಅಲ್ಲಿ ಒಂದು ಉರುಳಿಕೆ ಹಾಕಲಿ. ಎಷ್ಟೋ ಜಾಮ್‌ಗಳಲ್ಲಿ ಸನ್ನೆಗಳಿವೆ: ಮುಷ್ಟಿ ಎತ್ತಿದರೆ ಮುಗಿಸೋಣ, ಕಾಲು ಎತ್ತಿದರೆ ಇದು ಕೊನೆಯ ಸುತ್ತು, ತಲೆ ಮುಟ್ಟಿಕೊಂಡರೆ ಹಾಡಿನ ಮೊದಲ ಧಾಟಿಗೆ ವಾಪಸ್. ಹಳಬರಿಗೆ ಇದು ರಕ್ತದಲ್ಲೇ ಇದೆ. ಹೊಸಬರಿಗೆ ಯಾರೂ ಹೇಳಿರುವುದಿಲ್ಲ. ಹೇಳಿಕೊಡದೆ ಸಿಟ್ಟು ಮಾಡಿಕೊಂಡರೆ ತಪ್ಪು ನಮ್ಮದೇ.

ಒಬ್ಬರೇ ಕಲಿತವರು

ನನ್ನ ಪ್ರಕಾರ ಈಗಿನ ಅತಿ ಸಾಮಾನ್ಯ ಕಾರಣ ಇದೇ. ಕೋಣೆಯಲ್ಲಿ ಒಬ್ಬರೇ ಕೂತು, ವಿಡಿಯೋ ನೋಡಿ, ಬ್ಯಾಕಿಂಗ್ ಟ್ರ್ಯಾಕ್ (ಉಳಿದ ವಾದ್ಯಗಳನ್ನು ಮೊದಲೇ ರೆಕಾರ್ಡ್ ಮಾಡಿದ ಹಿನ್ನೆಲೆ ಸಂಗೀತ) ಹಾಕಿಕೊಂಡು ಕಲಿಯುತ್ತಾರೆ. ಟ್ರ್ಯಾಕ್ ಯಾವತ್ತೂ ತಾಳ ತಪ್ಪುವುದಿಲ್ಲ. ಇವರ ಮೇಲೆ ಸಿಟ್ಟಾಗುವುದಿಲ್ಲ. ಇವರು ಏನೇ ನುಡಿಸಿದರೂ ಅದು ತನ್ನ ಪಾಡಿಗೆ ತಾನು ಹೋಗುತ್ತದೆ. ಅದರಲ್ಲಿ ಇವರಿಗಾಗಿ ಮೀಸಲಿಟ್ಟ ಖಾಲಿ ಜಾಗ ಸದಾ ಇರುತ್ತದೆ. ಸಾವಿರ ಗಂಟೆ ಹೀಗೆ ನುಡಿಸಿದವರಿಗೆ ಬೆರಳು ಚುರುಕಾಗುತ್ತದೆ, ಆದರೆ ಎದುರಿಗಿರುವವರು ಈಗ ಏನು ಮಾಡಿದರು ಅಂತ ನೋಡುವ ಅಗತ್ಯವೇ ಬಂದಿರುವುದಿಲ್ಲ. ಜಾಮ್‌ಗೆ ಬಂದಾಗ ನಾವೆಲ್ಲರೂ ಅವರಿಗೆ ಒಂದು ಟ್ರ್ಯಾಕ್ ಆಗಿಬಿಡುತ್ತೇವೆ. ಅವರ ಖಾಲಿ ಜಾಗ ಎಲ್ಲೆಲ್ಲೂ ಇದೆ ಅಂತ ಅವರಿಗೆ ಅನ್ನಿಸುತ್ತದೆ.

ಇದಕ್ಕೆ ನಾನು ಕಂಡ ಅತ್ಯುತ್ತಮ ಮದ್ದು ನಾಲ್ಕು ನಾಲ್ಕು ಬಾರ್‌ಗಳ ಸರದಿ. ಒಬ್ಬರು ನಾಲ್ಕು ಬಾರ್, ಇನ್ನೊಬ್ಬರು ನಾಲ್ಕು ಬಾರ್, ಮತ್ತೆ ಮೊದಲನೆಯವರು. ಒಂದೇ ಒಂದು ನಿಯಮ ಸೇರಿಸಿ: ಹಿಂದಿನವರು ಬಿಟ್ಟ ಕೊನೆಯ ಎರಡು ಮೂರು ಸ್ವರಗಳನ್ನು ಹಿಡಿದೇ ನೀವು ಶುರು ಮಾಡಬೇಕು. ಮೊದಲ ಸಲ ಅವರು ತಡಬಡಾಯಿಸುತ್ತಾರೆ. ತಮ್ಮ ನಾಲ್ಕು ಬಾರ್ ಬಂದಾಗ ಹಿಂದಿನವರು ಏನು ನುಡಿಸಿದರು ಅನ್ನುವುದೇ ನೆನಪಿರುವುದಿಲ್ಲ. ಯಾಕೆಂದರೆ ಆ ಹೊತ್ತಿನಲ್ಲಿ ಅವರು ತಮ್ಮ ಮುಂದಿನ ಸಾಲನ್ನು ಜೋಡಿಸಿಕೊಳ್ಳುತ್ತಿದ್ದರು. ಮೂರನೇ ನಾಲ್ಕನೇ ಸುತ್ತಿಗೆ ಒಂದು ಬದಲಾವಣೆ ಕಾಣುತ್ತದೆ. ತಲೆ ಮೇಲೇಳುತ್ತದೆ. ಕಣ್ಣು ಗಿಟಾರಿನ ಫ್ರೆಟ್ ಬಿಟ್ಟು ಎದುರಿಗಿರುವವರ ಕೈಗೆ ಹೋಗುತ್ತದೆ. ಆ ಕ್ಷಣ ನೋಡಲು ನನಗೆ ತುಂಬಾ ಇಷ್ಟ. ನಾನು ಜಾಮ್‌ಗಳಿಗೆ ಹೋಗುವುದೇ ಬಹುಶಃ ಅದಕ್ಕೆ.

ಇನ್ನೊಂದು ದಾರಿ, ಒಂದಿಡೀ ಹಾಡು ಅವರಿಗೆ ಬರೀ ಕಾರ್ಡ್ ಕೊಡಿ. ಎರಡನೇ ಮತ್ತು ನಾಲ್ಕನೇ ಬೀಟ್‌ಗೆ ಮಾತ್ರ, ಚಿಕ್ಕದಾಗಿ ಕತ್ತರಿಸಿದ ಹಾಗೆ. ಸ್ನೇರ್ ಡ್ರಮ್ ಜೊತೆ ಒಂದೇ ಪೆಟ್ಟಾಗಿ ಕೇಳಿಸಬೇಕು. ಚಿಕ್ಕ ಕೆಲಸದ ಹಾಗೆ ಕಾಣುತ್ತದೆ. ಮಾಡಿದವರಿಗೇ ಗೊತ್ತು ಎಷ್ಟು ಕಷ್ಟ ಅಂತ.

ತಾನೇ ಗುರು ಅಂದುಕೊಂಡವರು

ಕಿವಿ ಸರಿ, ವೈರ್ ಸರಿ, ಸನ್ನೆ ಗೊತ್ತು. ಆದರೂ ಅರ್ಧ ಹಾಡಿನಲ್ಲಿ ನಿಲ್ಲಿಸಿ ಡ್ರಮ್ಸ್‌ನವರಿಗೆ ಪಾಠ ಹೇಳುತ್ತಾರೆ, ಕೈಗೆಟುಕದ ಹಾಡನ್ನೇ ಆರಿಸುತ್ತಾರೆ, ಕೆಟ್ಟರೆ ಬೇರೆಯವರನ್ನು ದೂರುತ್ತಾರೆ. ಈಗ ನಿಜವಾದ ಅತಿ ಆತ್ಮವಿಶ್ವಾಸದ ಹತ್ತಿರ ಬಂದಿದ್ದೇವೆ.

1999ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜಸ್ಟಿನ್ ಕ್ರುಗರ್ ಮತ್ತು ಡೇವಿಡ್ ಡನ್ನಿಂಗ್ ಒಂದು ಅಧ್ಯಯನ ಪ್ರಕಟಿಸಿದರು. ಹಾಸ್ಯ, ತರ್ಕ, ವ್ಯಾಕರಣದಲ್ಲಿ ಪರೀಕ್ಷೆ ಕೊಟ್ಟು, ನೀವು ಎಷ್ಟರಮಟ್ಟಿಗೆ ಮಾಡಿದ್ದೀರಿ ಅನ್ನಿಸುತ್ತದೆ ಎಂದು ಕೇಳಿದರು. ಕೊನೆಯ ಕಾಲುಭಾಗದಲ್ಲಿದ್ದವರು ಸರಾಸರಿ ನೂರರಲ್ಲಿ 12 ಜನರಿಗಿಂತ ಮುಂದಿದ್ದರು. ಅವರ ಅಂದಾಜು ಮಾತ್ರ 62 ಜನರಿಗಿಂತ ಮುಂದೆ ಎಂದಿತ್ತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದರ ಮುಂದಿನ ಭಾಗ. ವ್ಯಾಕರಣದ ಪರೀಕ್ಷೆಯಲ್ಲಿ ಅವರಿಗೆ ಬೇರೆಯವರ ಉತ್ತರಗಳನ್ನು ತೋರಿಸಿದರು, ತಮಗಿಂತ ಚೆನ್ನಾಗಿ ಬರೆದವರದ್ದೂ ಅದರಲ್ಲಿತ್ತು. ಅದನ್ನು ನೋಡಿಯೂ ತಮ್ಮ ಬಗೆಗಿನ ಅಂದಾಜನ್ನು ಅವರು ತಗ್ಗಿಸಿಕೊಳ್ಳಲಿಲ್ಲ. ತರ್ಕದಲ್ಲಿ ಸ್ವಲ್ಪ ತರಬೇತಿ ಕೊಟ್ಟಾಗ ಮಾತ್ರ ತಾವು ಎಲ್ಲಿದ್ದೇವೆ ಎಂಬುದು ಅವರಿಗೆ ಹೆಚ್ಚು ಸರಿಯಾಗಿ ಕಂಡಿತು.

ಅದು ಸಂಗೀತದ ಪರೀಕ್ಷೆಯಲ್ಲ. ಆದರೆ ಜಾಮ್‌ನಲ್ಲಿ ನಾನು ನೋಡಿದ್ದಕ್ಕೆ ಸರಿಯಾಗಿ ಹೊಂದುತ್ತದೆ. "ಒಬ್ಬ ಒಳ್ಳೆ ಗಿಟಾರಿಸ್ಟ್‌ನ ಕರೆಸಿ ಇವನ ಸೊಕ್ಕು ಇಳಿಸೋಣ" ಅನ್ನುವ ಉಪಾಯ ಕೆಲಸ ಮಾಡುವುದಿಲ್ಲ. ಪಕ್ಕದಲ್ಲಿ ಒಳ್ಳೆಯವರು ನುಡಿಸಿದರೂ ಇವರಿಗೆ ವ್ಯತ್ಯಾಸ ಕೇಳಿಸುವುದಿಲ್ಲ. ಕೇಳುವುದನ್ನು ಕಲಿಸಿದರೆ ಮಾತ್ರ ಕೇಳಿಸುತ್ತದೆ.

ಕಲಿಸುವ ಸಾಧನ ನಮ್ಮ ಜೇಬಿನಲ್ಲೇ ಇದೆ. ಫೋನ್ ಅನ್ನು ಕೋಣೆಯ ನಡುವೆ, ಕೂತವರ ಕಿವಿಯ ಎತ್ತರದಲ್ಲಿ ಇಡಿ. ಯಾರದ್ದೇ ಆಂಪ್ ಹತ್ತಿರ ಬೇಡ. ಪೂರ್ತಿ ಹಾಡು ರೆಕಾರ್ಡ್ ಮಾಡಿ. ಅಲ್ಲೇ ಎಲ್ಲರ ಮುಂದೆ ಹಾಕಿ ಕೇಳಿಸಬೇಡಿ, ಅದು ಪಂಚಾಯಿತಿ ಆಗುತ್ತದೆ. ಮಾರನೇ ದಿನ ಎಲ್ಲರಿಗೂ ಕಳಿಸಿ. ಅವರಿಗೆ ಮಾತ್ರ ಒಂದು ಪ್ರಶ್ನೆ ಸೇರಿಸಿ: "ಎರಡನೇ ಚರಣದಲ್ಲಿ ಬೇಸ್ ಏನು ಮಾಡ್ತಿದೆ, ಒಮ್ಮೆ ಕೇಳಿ ಹೇಳ್ತೀರಾ?" ಬೇಸ್ ಹುಡುಕಲು ಹೋದವರಿಗೆ ಅದರ ಮೇಲೆ ಕೂತಿರುವ ತಮ್ಮದೇ ಗಿಟಾರ್ ಸಿಗುತ್ತದೆ. ಒಬ್ಬರು ನನಗೆ ರಾತ್ರಿ ಹನ್ನೊಂದಕ್ಕೆ ಉತ್ತರ ಬರೆದಿದ್ದರು: "ಬೇಸ್ ಕೇಳಿಸ್ತಿಲ್ಲ. ನಾನು ಅಡ್ಡ ಇದ್ದೀನಿ." ಅದರ ಮೇಲೆ ನಾನು ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಹೇಳುವ ಬಗೆ

ಎಲ್ಲರ ಮುಂದೆ ಹೇಳಬೇಡಿ. ಹಾಡು ಮುಗಿದ ಕೂಡಲೇ ಬೇಡ, ಆಗ ಮೈ ಬಿಸಿ ಇರುತ್ತದೆ. ವೈರ್ ಸುತ್ತುವಾಗ, ಚೀಲ ಕಟ್ಟುವಾಗ, ಪಕ್ಕ ನಿಂತು ಹೇಳಿ. "ನೀವು ಜಾಸ್ತಿ ನುಡಿಸ್ತೀರ" ಅಂದರೆ ಅದು ಮನುಷ್ಯನ ಮೇಲಿನ ದೂರು. "ಚರಣ ಹಾಡುವಾಗ ಕಾರ್ಡ್ ಮಾತ್ರ ಹಾಕ್ತೀರಾ, ಸೋಲೊ ಹಾಡು ಮುಗಿದ ಮೇಲೆ ಎರಡು ಸುತ್ತು ತಗೊಳ್ಳಿ" ಅಂದರೆ ಅದು ಕೆಲಸ. ಕೆಲಸ ಕೊಟ್ಟರೆ ಮಾಡುತ್ತಾರೆ.

ಈ ವಿಷಯಕ್ಕೆ ಬಂದರೆ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಕಥೆಯನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. 1920ರಲ್ಲಿ ಹುಟ್ಟಿದ ಪಾರ್ಕರ್ ಹದಿಹರೆಯದಲ್ಲಿ ಕಾನ್ಸಾಸ್ ಸಿಟಿಯ ರೆನೊ ಕ್ಲಬ್‌ನಲ್ಲಿ ಜಾಮ್‌ಗೆ ಏರಿದ. ಕಾರ್ಡ್‌ಗಳ ದಾರಿ ತಪ್ಪಿದ. ಡ್ರಮ್ಸ್ ನುಡಿಸುತ್ತಿದ್ದ ಜೋ ಜೋನ್ಸ್ ಸಿಂಬಲ್ (ಡ್ರಮ್ಸ್‌ನ ಲೋಹದ ತಟ್ಟೆ) ಬಿಚ್ಚಿ ಅವನ ಕಾಲ ಬಳಿ ಎಸೆದ. ಹುಡುಗ ನಗೆಪಾಟಲಾಗಿ ಹೊರಟುಹೋದ. ಮುಂದೆ ಅವನೇ ಜಾಝ್‌ನ ದಿಕ್ಕು ಬದಲಿಸಿದ. "ನೋಡಿ, ಅವಮಾನ ಮಾಡಿದ್ದಕ್ಕೇ ಕಲಿತ" ಅನ್ನುತ್ತಾರೆ ಜನ.

ನಾನು ಒಪ್ಪುವುದಿಲ್ಲ. ನಡುವೆ ಏನಾಯಿತು ನೋಡಿ. 1937ರ ಬೇಸಿಗೆಯಲ್ಲಿ ಅವನು ಓಝಾರ್ಕ್ ಬೆಟ್ಟಗಳ ಕಡೆ ಒಂದು ಬ್ಯಾಂಡ್ ಜೊತೆ ಕೆಲಸಕ್ಕೆ ಹೋದ. ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್‌ನ ರೆಕಾರ್ಡ್‌ಗಳನ್ನು ಜೊತೆಗೆ ಒಯ್ದಿದ್ದ. ಅವುಗಳಲ್ಲಿದ್ದ ಸೋಲೊಗಳನ್ನು ಕೇಳಿ ಕೇಳಿ, ಸ್ವರ ಸ್ವರವಾಗಿ ಕಲಿತ. ವಾಪಸ್ ಬಂದಾಗ ಬೇರೆಯೇ ಮನುಷ್ಯ ಆಗಿದ್ದ. ಅವನನ್ನು ರಿಪೇರಿ ಮಾಡಿದ್ದು ಸಿಂಬಲ್ ಅಲ್ಲ, ಆ ಬೇಸಿಗೆಯ ಕೇಳುವಿಕೆ. ಸಿಂಬಲ್ ಎಸೆತಕ್ಕೆ ಹೆದರಿ ವಾದ್ಯವನ್ನೇ ಬಿಟ್ಟವರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಯಾವುದೂ ನಾಟದಿದ್ದರೆ

ಕೆಲವು ಸಲ ನಾಟುವುದಿಲ್ಲ. ಎಲ್ಲ ಮಾಡಿ ಆರೇಳು ವಾರ ಕಳೆದರೂ ಹಾಗೇ ಇದ್ದರೆ ವ್ಯವಸ್ಥೆ ಬದಲಿಸಿ. ಹಾಡು ಆರಿಸುವುದು, ಸೋಲೊ ಯಾರು ಎಂದು ಹೇಳುವುದು ಒಬ್ಬರ ಕೈಯಲ್ಲಿರಲಿ. ಯಾರು ಯಾವ ಹಾಡಿಗೆ ಎಂಬ ಪಟ್ಟಿಯನ್ನು ಗೋಡೆಗೆ ಅಂಟಿಸಿ. ಒಂದು ಹಾಡು ನುಡಿಸಿದವರು ಮುಂದಿನದಕ್ಕೆ ಕೂತು ಕೇಳಲಿ, ಇದು ಎಲ್ಲರಿಗೂ ಅನ್ವಯಿಸಲಿ.

ಅವರು ಹೊಸಬರನ್ನು ಹೀಯಾಳಿಸುತ್ತಿದ್ದರೆ ಮಾತ್ರ ಆರೇಳು ವಾರ ಕಾಯಬೇಡಿ. ಮೊದಲ ಸಲ ಧೈರ್ಯ ಮಾಡಿ ಬಂದು, ಮೂರು ಕಾರ್ಡ್ ಹಿಡಿದು ಕೂತ ಹುಡುಗಿಯೊಬ್ಬಳಿಗೆ ಒಬ್ಬರು "ಮನೇಲಿ ಕಲಿತು ಬಾ" ಅಂದಿದ್ದನ್ನು ನಾನು ಕೇಳಿಸಿಕೊಂಡೂ ಸುಮ್ಮನಿದ್ದೆ. ಅವಳು ಮತ್ತೆ ಬರಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅಂಥವರಿಗೆ ನೇರವಾಗಿ, ದನಿ ಏರಿಸದೆ, "ಇಲ್ಲಿಗೆ ಬರಬೇಡಿ" ಎಂದು ಹೇಳಿ. ಒಬ್ಬರನ್ನು ಉಳಿಸಿಕೊಳ್ಳಲು ಹೋಗಿ ಐದು ಜನರನ್ನು ಕಳೆದುಕೊಳ್ಳುವುದು ಯಾವ ನ್ಯಾಯ?

ಆ ಒಬ್ಬರು ನೀವೇ ಇರಬಹುದಾ?

ಹಾಡು ನಡೆಯುತ್ತಿರುವಾಗ ಯಾವುದೋ ಒಂದು ಕ್ಷಣ ನುಡಿಸುವುದನ್ನು ಪೂರ್ತಿ ನಿಲ್ಲಿಸಿ. ಎಂಟು ಬಾರ್ ಸುಮ್ನೆ ನಿಲ್ಲಿ. ಹಾಡು ಮೊದಲಿಗಿಂತ ಹಗುರಾಗಿ, ಚೆಂದವಾಗಿ ಕೇಳಿಸಿತಾ? ಹಾಡುವವರ ಭುಜ ಇಳಿಯಿತಾ? ಹಾಗಿದ್ದರೆ ವಾಪಸ್ ಬರುವಾಗ ಅರ್ಧ ಸ್ವರ, ಅರ್ಧ ಸದ್ದಿನಲ್ಲಿ ಬನ್ನಿ. ಇನ್ನೊಂದು: ಹೋದ ಸಲದ ಜಾಮ್‌ನಲ್ಲಿ ಬೇರೆಯವರು ನುಡಿಸಿದ ಒಂದು ಸಾಲನ್ನು ಈಗ ಗುನುಗಲು ಆಗುತ್ತದಾ? ನಿಮ್ಮ ಸಾಲುಗಳು ಮಾತ್ರ ನೆನಪಿದ್ದರೆ ಮುಂದಿನ ಸಲ ಎರಡು ಹಾಡು ಕೆಳಗೆ ಕೂತು ಕೇಳಿ.

ನನ್ನ ಆ ಗಿಟಾರಿಸ್ಟ್ ಗೆಳೆಯ ಈಗಲೂ ನುಡಿಸುತ್ತಾನೆ. ಎಲ್ಲಿಗೆ ಹೋದರೂ ಮೊದಲು ಒಂದು ಕುರ್ಚಿ ಕೇಳುತ್ತಾನೆ. ಆಂಪ್ ಅದರ ಮೇಲೆ. ಆಮೇಲೆ ಉದ್ದನೆಯ ವೈರ್ ಎಳೆದುಕೊಂಡು ಹಾಡುವವರ ಪಕ್ಕ ಹೋಗಿ ನಿಂತು, ಅಲ್ಲಿಂದ ಒಂದು ಕಾರ್ಡ್ ಬಾರಿಸಿ ನೋಡುತ್ತಾನೆ.